ಕೆಂಡವಿಲ್ಲದ ಬೂದಿ

ನಾನು ಯಾವ ಪತ್ರಿಕೆಯ ನೌಕರನೂ ಅಲ್ಲದ ಪತ್ರಕರ್ತ. ಎಂಬತ್ತರ ದಶಕದ ಕೊನೆಯಲ್ಲಿ ಶಿಡ್ಲಘಟ್ಟದ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದು, ಬೆಂಗಳೂರಿನ ದಿನಪತ್ರಿಕೆಗಳಿಗೆ ಸುದ್ದಿ ಬರೆದು ಕಳಿಸಲು ಶುರು ಮಾಡಿದೆ. ಗುರುತಿನ ಚೀಟಿ ಇಲ್ಲ, ಸಂಬಳ ಇಲ್ಲ, ಕೆಲಸದಿಂದ ತೆಗೆಯುವವರೂ ಇಲ್ಲ. ನಮ್ಮಪ್ಪ ಮೇಲೂರಿನಲ್ಲಿ ಹಿಪ್ಪುನೇರಳೆ ತೋಟ ಮಾಡಿಕೊಂಡು ನೆಟ್ಟಗೆ ಬದುಕಿದವರು. ಮಗ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಏನೋ ಬರೀತಾನೆ ಎಂದು ಹೇಳಿ ಮಾತು ಬದಲಿಸುತ್ತಿದ್ದರು. ಅವರನ್ನು ದೂರುವಂತಿಲ್ಲ. ಆ ಪ್ರಶ್ನೆಗೆ ಸರಿಯಾದ ಉತ್ತರ ನನಗೂ ಗೊತ್ತಿರಲಿಲ್ಲ.

ಸುದ್ದಿ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಸಂಜೆ ಬೆಂಗಳೂರಿಗೆ ಹೊರಡುವ ಬಸ್ಸಿನ ಕಂಡಕ್ಟರ್ ಕೈಗೆ ಕವರ್ ಕೊಟ್ಟರೆ, ಅಲ್ಲಿ ನಿಲ್ದಾಣದಲ್ಲಿ ಪತ್ರಿಕೆಯ ಆಳು ಬಂದು ತೆಗೆದುಕೊಳ್ಳುತ್ತಿದ್ದ. ಕವರಿನ ದಪ್ಪ ನೋಡಿಯೇ ಕಂಡಕ್ಟರುಗಳಿಗೆ ಊರಿನ ಸ್ಥಿತಿ ತಿಳಿದುಬಿಡುತ್ತಿತ್ತು. ದಪ್ಪಗಿದ್ದರೆ ಎಲ್ಲೋ ಯಾರದೋ ತಲೆ ಒಡೆದಿದೆ ಎಂದೇ ಲೆಕ್ಕ. ಚಿಕ್ಕಬಳ್ಳಾಪುರದ ತರಕಾರಿ ಮಂಡಿಯಲ್ಲಿ ಹೂಕೋಸು ಕೊಳೆಯುತ್ತಿದೆ ಎಂದು ಬರೆದರೆ ಅದು ಪತ್ರಿಕೆಯ ಕಸದ ಬುಟ್ಟಿಯಲ್ಲಿ ಇನ್ನಷ್ಟು ಕೊಳೆಯುತ್ತಿತ್ತು. ವಿದುರಾಶ್ವತ್ಥದ ಸುತ್ತಲಿನ ಕಡಲೆಕಾಯಿ ಬೆಳೆಗಾರರ ಬಗ್ಗೆ ಒಮ್ಮೆ ಉದ್ದಕ್ಕೆ ಬರೆದಿದ್ದೆ. ಅದರಲ್ಲಿ, ಇದೇ ಊರಿನಲ್ಲಿ ಬ್ರಿಟಿಷರ ಕಾಲಕ್ಕೆ ಗೋಲಿಬಾರ್ ಆಗಿತ್ತು ಎಂದು ಸುಮ್ಮನೆ ಒಂದು ಸಾಲು ಸೇರಿಸಿದ್ದೆ. ಅಚ್ಚಾದದ್ದು ಆ ಒಂದು ಸಾಲಿನ ಸುತ್ತ ಅವರೇ ಕಟ್ಟಿಕೊಂಡ ಲೇಖನ. ಕಡಲೆಕಾಯಿ ಎಲ್ಲೂ ಇರಲಿಲ್ಲ. ಗುಂಡು ಎಷ್ಟು ಹಳೆಯದಾದರೂ ಸುದ್ದಿ, ಬೆಳೆ ಎಷ್ಟು ಹೊಸದಾದರೂ ಅಲ್ಲ ಎಂಬುದು ನನಗೆ ಆಗಲೇ ಅರ್ಥವಾಯಿತು.

ಹಾಗಾಗಿ ನಾನು ಗಲಾಟೆಯ ವರದಿಗಾರನಾದೆ. ಎಲ್ಲಿ ಎರಡು ಗುಂಪು ಎದುರುಬದುರಾದರೂ ಅಲ್ಲಿಗೆ ಓಡುತ್ತಿದ್ದೆ. ಪೊಲೀಸರು ಪಾಸ್ ತೋರಿಸು ಎನ್ನುತ್ತಿದ್ದರು. ಒಂದು ಬೀದಿಯವರು ಯಾವ ಪೇಪರು ಎಂದು ಕೇಳಿದರೆ, ಇನ್ನೊಂದು ಬೀದಿಯವರು ಯಾರ ಕಡೆಯವನು ಎಂದು ಕೇಳುತ್ತಿದ್ದರು. ಚಿಂತಾಮಣಿ ಕಡೆ ಹೋದರೆ ಅವೇ ಪ್ರಶ್ನೆಗಳು ತೆಲುಗಿನಲ್ಲಿ. ಒಮ್ಮೆ ಅಲ್ಲಿ ನಡುವೆ ಸಿಕ್ಕಿಕೊಂಡು ಭುಜಕ್ಕೆ ಕಲ್ಲು ಬಿತ್ತು. ಮಾರನೆಯ ದಿನ ಎರಡೂ ಕಡೆಯವರು ನನ್ನನ್ನು ನೋಡಲು ಬಂದರು, ಕಲ್ಲು ತಮ್ಮ ಕಡೆಯದಲ್ಲ ಎಂದು ಹೇಳಿಹೋಗಲು. ಇಬ್ಬರೂ ಬಾಳೆಹಣ್ಣು ತಂದಿದ್ದರು.

ಇದನ್ನೆಲ್ಲ ಈಗ ನಗುತ್ತಾ ಹೇಳಬಹುದು. ನಗಲಾಗದ್ದು ಬೇರೆ ಇದೆ. ಊರು ತಣ್ಣಗಿದ್ದ ವಾರಗಳಲ್ಲಿ ನಾನು ಮಂಕಾಗಿರುತ್ತಿದ್ದೆ. ಟೀ ಅಂಗಡಿಯಲ್ಲಿ ಯಾರಾದರೂ ದನಿ ಎತ್ತಿದರೆ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಜಗಳ ಅಲ್ಲೇ ರಾಜಿಯಾದರೆ ಒಳಗೆಲ್ಲೋ ಬೇಸರವಾಗುತ್ತಿತ್ತು. ಅದು ಬೇಸರವೇ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ನಾಚಿಕೆಯಾಗುತ್ತಿರಲಿಲ್ಲ. ನಾಚಿಕೆ ಆಮೇಲೆ ಬಂತು, ಬಂದದ್ದು ಹೋಗಲೇ ಇಲ್ಲ.

ನನಗೆ ಒಬ್ಬಳೇ ಅಕ್ಕ. ಗೌರಿಬಿದನೂರು ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿತ್ತು. ಭಾವ ಜ್ವರದಲ್ಲಿ ತೀರಿಕೊಂಡಾಗ ಅವಳಿಗೆ ಮಕ್ಕಳಿರಲಿಲ್ಲ. ಉಳಿದದ್ದು ಬಾವಿಯ ಪಕ್ಕದ ಹಿಪ್ಪುನೇರಳೆ ತೋಟ ಮತ್ತು ರೇಷ್ಮೆ ಹುಳು ಸಾಕುವ ಒಂದು ಉದ್ದನೆಯ ಕೋಣೆ. ಅವಳ ಮೈದುನ ಕೆಟ್ಟವನಲ್ಲ. ತೋಟವನ್ನು ತಾನು ನೋಡಿಕೊಳ್ಳುತ್ತೇನೆ, ಅತ್ತಿಗೆ ಮನೆಯಲ್ಲಿ ಕೂತು ಉಣ್ಣಲಿ ಎಂದ. ಅಕ್ಕ ಒಪ್ಪಲಿಲ್ಲ. ಕೂತು ಉಣ್ಣುವುದು ತನ್ನ ಮೈಗೆ ಹಿಡಿಸುವುದಿಲ್ಲ ಎಂದಳು. ಕೊನೆಗೆ ಊರಿನ ನಾಲ್ಕು ಜನರ ಮುಂದೆ ಒಂದು ಮಾತಾಯಿತು. ಮಳೆಗಾಲದ ಬೆಳೆಯನ್ನು ಅವಳೊಬ್ಬಳೇ ಮಾಡಲಿ, ಗೂಡು ಚೆನ್ನಾಗಿ ಬಂದು ಮಾರಾಟವಾದರೆ ತೋಟ ಅವಳ ಕೈಯಲ್ಲೇ ಇರಲಿ, ಕೆಟ್ಟರೆ ಮೈದುನ ವಹಿಸಿಕೊಳ್ಳಲಿ ಎಂದು.

ಕೆಡುವ ಮಾತೇ ಇರಲಿಲ್ಲ. ಅಕ್ಕನಿಗೆ ಹುಳುವಿನ ವಿಷಯ ರಕ್ತದಲ್ಲಿತ್ತು. ರೇಷ್ಮೆ ಹುಳು ಸೊಪ್ಪು ತಿಂದು ತಿಂದು ಕೊನೆಗೊಂದು ದಿನ ಮೇವು ಬಿಟ್ಟು, ಮೈ ತಿಳಿಯಾಗಿ, ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ. ಅದಕ್ಕೆ ಹುಳು ಹಣ್ಣಾಯಿತು ಎನ್ನುತ್ತಾರೆ. ಆಗ ಅದನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ ತಟ್ಟಿಗೆ ಬಿಡಬೇಕು. ಬೇಗ ಬಿಟ್ಟರೂ ಕಷ್ಟ, ತಡವಾದರೂ ಕಷ್ಟ. ಆ ಊರಿನಲ್ಲಿ ಯಾರ ಮನೆಯಲ್ಲಿ ಬೆಳೆ ಆ ಹಂತಕ್ಕೆ ಬಂದರೂ ಅಕ್ಕನನ್ನು ಕರೆಯುತ್ತಿದ್ದರು. ಅವಳು ಸೀರೆ ಸೆರಗು ಬಿಗಿದು ಹೋಗಿ, ಹುಳುವಿನ ತಟ್ಟೆಯ ಮೇಲೆ ಬಗ್ಗಿ ನೋಡಿ, ಮೊದಲ ಹಣ್ಣುಹುಳವನ್ನು ಎತ್ತಿ ಕೊಡುತ್ತಿದ್ದಳು. ಆಮೇಲೆ ಮನೆಯವರು ಕೈ ಹಾಕುತ್ತಿದ್ದರು. ಗಂಡ ಹೋದ ಮೇಲೂ ಕರೆಯುವುದು ನಿಲ್ಲಲಿಲ್ಲ. ವಿಧವೆಯನ್ನು ಯಾವುದಕ್ಕೂ ಮುಂದೆ ಬಿಡದ ಊರಿನಲ್ಲಿ ಅದೊಂದು ಅವಳಿಗೆ ಉಳಿದಿತ್ತು.

ಅವಳ ಮನೆಗೆ ಹೋಗುವಾಗ ನಾನು ಹಳೆಯ ಪತ್ರಿಕೆಗಳ ಒಂದು ಕಟ್ಟು ಒಯ್ಯುತ್ತಿದ್ದೆ. ತಟ್ಟೆಗಳಿಗೆ ಹಾಸಲು ಬೇಕಾಗುತ್ತಿತ್ತು. ನನ್ನ ಸುದ್ದಿಯ ಮೇಲೆ ಮರಿಹುಳುಗಳು ಸೊಪ್ಪು ತಿನ್ನುವುದನ್ನು ನೋಡಿ, ನನ್ನ ಬರಹವನ್ನು ಪೂರ್ತಿ ಓದುವವರು ಇವರೇ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅಕ್ಕ ನಗುತ್ತಿರಲಿಲ್ಲ. ಹಾಸುವ ಮೊದಲು ಅವಳು ಪ್ರತಿ ಹಾಳೆಯನ್ನೂ ತಿರುವಿ ನೋಡಿ, ನನ್ನದೇನಾದರೂ ಇದ್ದರೆ ಅದನ್ನು ಎತ್ತಿಡುತ್ತಿದ್ದಳು. ಊರಿನವರ ಹತ್ತಿರ 'ನನ್ನ ತಮ್ಮ ಕಣ್ಣಾರೆ ಕಂಡಿದ್ದನ್ನೇ ಬರೆಯೋದು' ಎಂದು ಹೇಳಿಕೊಂಡು ಓಡಾಡುತ್ತಿದ್ದಳು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಮಳೆಗಾಲ ಶಿಡ್ಲಘಟ್ಟದಲ್ಲಿ ಗಲಾಟೆಯಾಯಿತು. ಒಂದು ಮೆರವಣಿಗೆ ಯಾವ ಬೀದಿಯಲ್ಲಿ ಹಾಯಬೇಕೆಂಬ ಮಾತು ಬೆಳೆದು ಕಲ್ಲು ಬಿತ್ತು. ಕೆಲವರಿಗೆ ಗಾಯವಾಯಿತು, ಕೆಲವು ಅಂಗಡಿಗಳ ಬಾಗಿಲು ಮುರಿಯಿತು. ಪೊಲೀಸರು ಬಂದರು, ಬಸ್ಸುಗಳು ನಿಂತವು, ಗೂಡಿನ ಮಾರುಕಟ್ಟೆಗೆ ಬೀಗ ಬಿತ್ತು. ನಮ್ಮ ಊರು ನಿಂತಿರುವುದೇ ಆ ಮಾರುಕಟ್ಟೆಯ ಮೇಲೆ. ಬೆಳೆಯುವವರು ಹೆಚ್ಚಾಗಿ ಹಳ್ಳಿಯ ಒಕ್ಕಲು ಮನೆಗಳವರು, ಕೊಂಡು ಬೇಯಿಸಿ ನೂಲು ತೆಗೆಯುವ ರೀಲರ್‌ಗಳು ಹೆಚ್ಚಾಗಿ ಪೇಟೆಯ ಮುಸ್ಲಿಮರು. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಹತ್ತದು. ಕಲ್ಲು ಎಸೆದವರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಎಸೆಯುವ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ.

ಆ ವಾರ ನಾನು ರಾಜನಂತಿದ್ದೆ. ಡೆಸ್ಕಿನವರು, ಅಂದರೆ ಬೆಂಗಳೂರಿನಲ್ಲಿ ಕೂತು ನಮ್ಮ ಸುದ್ದಿಗಳನ್ನು ತಿದ್ದಿ ಅಚ್ಚಿಗೆ ಕಳಿಸುವವರು, ಟ್ರಂಕ್ ಕಾಲ್‌ನಲ್ಲಿ ನನ್ನನ್ನು ಹೆಸರು ಹಿಡಿದು ಮಾತನಾಡಿಸುತ್ತಿದ್ದರು. ಬರೆದದ್ದೆಲ್ಲ ಅಚ್ಚಾಯಿತು. ಆದರೆ ಊರಿನವರು ಗಲಾಟೆ ಮಾಡಿದಷ್ಟೇ ಬೇಗ ಸುಸ್ತಾದರು. ಎರಡೂ ಕಡೆಯ ಹಿರಿಯರು ಠಾಣೆಯಲ್ಲಿ ಕೂತು ಮಾತಾಡಿಕೊಂಡರು. ಮುರಿದ ಬಾಗಿಲುಗಳಿಗೆ ಹೊಸ ಹಲಗೆ ಬಂತು. ನನ್ನ ಕವರ್ ತೆಳ್ಳಗಾಗತೊಡಗಿತು. ಫೋನಿನಲ್ಲಿ ಡೆಸ್ಕಿನ ಹಿರಿಯರು, ಮುಗಿಯಿತಲ್ಲ, ಇನ್ನೇನಿದೆ ಎಂದು ಕೇಳಿದರು. ಅವರ ದನಿಯಲ್ಲಿ ನನ್ನ ಹೆಸರು ಆಗಲೇ ಮಾಸುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ ನನಗೆ ಪರಿಚಯದ ಒಬ್ಬ ರೀಲರ್ ಹತ್ತಿರ ಹೋದೆ. ವಯಸ್ಸಾದವರು, ನಾನು ಅವರನ್ನು ಭಾಯ್ ಎನ್ನುತ್ತಿದ್ದೆ. ನಮ್ಮ ಭಾವನ ಗೂಡನ್ನು ವರ್ಷಗಟ್ಟಲೆ ಕೊಂಡವರು ಅವರೇ. ಭಾವ ತೀರಿಕೊಂಡಾಗ ಬಸ್ಸು ಬದಲಿಸಿಕೊಂಡು ಆ ಹಳ್ಳಿಯವರೆಗೂ ಬಂದು ಅಕ್ಕನನ್ನು ಕಂಡುಹೋಗಿದ್ದರು. ಅವರ ಶೆಡ್ಡಿನಲ್ಲಿ ಒಲೆಗಳು ತಣ್ಣಗಿದ್ದವು. ಗೂಡು ಬೇಯುವ ಆ ಕೆಟ್ಟ ವಾಸನೆ ಇಲ್ಲದೆ ಶೆಡ್ಡು ಬೇರೆ ಯಾರದೋ ಮನೆಯಂತಿತ್ತು. ಮರುದಿನ ಬೆಳಿಗ್ಗೆ ಮಾರುಕಟ್ಟೆ ತೆರೆಯುತ್ತದೆ, ಆಗಲೇ ಗುಡಿಸಿ ತಕ್ಕಡಿ ಇಟ್ಟಿದ್ದಾರೆ, ಬಸ್ಸು ಬಿಟ್ಟಿದ್ದಾರೆ ಎಂದು ಅವರು ಹೇಳಿದರು. ನಾನೇ ಹೋಗಿ ನೋಡಿಕೊಂಡೂ ಬಂದೆ. ಹೊರಡುವಾಗ ಅವರು ನನ್ನ ತೋಳು ಹಿಡಿದುಕೊಂಡರು.

"ಮಾರ್ಕೆಟ್ ಓಪನ್ ಆಗ್ತದೆ ಅಂತ ಮೇಲೇ ಬರಿಯಪ್ಪ. ದೂರದೋರು ಪೇಪರ್ ನೋಡ್ಕೊಂಡೇ ಮೂಟೆ ಕಟ್ಟೋದು."

ಬರೆಯುತ್ತೇನೆ ಭಾಯ್ ಎಂದೆ. ಆ ಮಾತು ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಿರಲಿಲ್ಲ.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದೆ. ಮಾರುಕಟ್ಟೆ ತೆರೆಯಲಿದೆ ಎಂದು ಶುರು ಮಾಡಿ ಹೊಡೆದುಹಾಕಿದೆ. ಅದನ್ನು ಯಾರು ಹಾಕುತ್ತಾರೆ? ಪೊಲೀಸರು ಇನ್ನೂ ಬೀದಿಯಲ್ಲಿದ್ದಾರೆ ಎಂದು ಬರೆದೆ. ಅದು ನಿಜ, ಇಬ್ಬರು ಇದ್ದರು, ಒಬ್ಬರು ಕಡಲೆಪುರಿ ತಿನ್ನುತ್ತಿದ್ದರು. ಜನ ಗುಸುಗುಸು ಮಾತಾಡುತ್ತಿದ್ದಾರೆ ಎಂದು ಬರೆದೆ. ಆಮೇಲೆ ನಮ್ಮ ಕಸುಬಿನಲ್ಲಿ ಎಲ್ಲರೂ ಬಳಸಿ ಸವೆದುಹೋದ ಆ ಸಾಲು ಬಂತು: ಮೇಲ್ನೋಟಕ್ಕೆ ಶಾಂತಿ ನೆಲೆಸಿದ್ದರೂ ಪರಿಸ್ಥಿತಿ ಬೂದಿ ಮುಚ್ಚಿದ ಕೆಂಡದಂತಿದೆ. ಇದೊಂದು ಸಾಲಿದ್ದರೆ ಸುದ್ದಿ ಮುಗಿಯುವುದಿಲ್ಲ, ನಾಳೆಯೂ ಬರೆಯಬಹುದು. ಕೆಂಡ ಇಲ್ಲವೆಂದು ಯಾರೂ ಸಾಧಿಸಲಾರರು, ಬೂದಿ ಕೆದಕಿ ನೋಡುವವರು ಯಾರು? ಮಾರುಕಟ್ಟೆಯ ವಿಷಯವನ್ನು ಕಟ್ಟಕಡೆಗೆ ಬರೆದೆ. ಕಂಡಕ್ಟರ್ ಸೀಟಿ ಊದಿದ, ಕವರ್ ಕೊಟ್ಟೆ.

ಜಾಗ ಸಾಲದಿದ್ದರೆ ಡೆಸ್ಕಿನವರು ಕತ್ತರಿಸುವುದು ಕೆಳಗಿನಿಂದ. ಇದು ಗೊತ್ತಿಲ್ಲದ ವರದಿಗಾರ ಇಲ್ಲ. ನನಗೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಬೇರೊಂದು ಕೆಲಸಕ್ಕೆ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆ. ನಿಲ್ದಾಣದ ಅಂಗಡಿಯಲ್ಲಿ ಪತ್ರಿಕೆ ತೂಗುಹಾಕಿದ್ದರು. ದೂರದಿಂದಲೇ ಕಂಡಿತು. ಮುಖಪುಟದಲ್ಲಿ, ಅಗಲವಾಗಿ, ದಪ್ಪ ಅಕ್ಷರದಲ್ಲಿ: ಶಿಡ್ಲಘಟ್ಟ ಬೂದಿ ಮುಚ್ಚಿದ ಕೆಂಡ. ನನ್ನ ಸಾಲನ್ನೇ ಎತ್ತಿ ತಲೆಬರಹ ಮಾಡಿದ್ದರು. ಸುದ್ದಿಯ ಕೆಳಭಾಗ ಇರಲಿಲ್ಲ. ಮಾರುಕಟ್ಟೆಯ ಮಾತು ಇಲ್ಲವೆಂಬುದನ್ನು ನಾನು ನೋಡಿದೆ. ನೋಡಿದ್ದು ಎರಡನೇ ಸಲ ಓದುವಾಗ. ಮೊದಲ ಸಲ ಓದುವಾಗ ಬರೀ ಸಂತೋಷವಿತ್ತು. ಅಷ್ಟು ದೊಡ್ಡ ತಲೆಬರಹ ನನ್ನ ಬದುಕಿನಲ್ಲಿ ಅದೇ ಮೊದಲು. ಒಂದರ ಜೊತೆ ಇನ್ನೂ ಎರಡು ಪ್ರತಿ ಕೊಂಡೆ, ಒಂದು ಅಕ್ಕನಿಗೆಂದು. ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆ. ಆ ದೋಸೆಯ ರುಚಿ ನನಗಿನ್ನೂ ನೆನಪಿದೆ, ಅದು ಚೆನ್ನಾಗಿತ್ತು ಎಂಬುದೇ ನನ್ನನ್ನು ಈಗಲೂ ಕೊರೆಯುವುದು.

ಶಿಡ್ಲಘಟ್ಟಕ್ಕೆ ವಾಪಸ್ಸಾದಾಗ ಮಾರುಕಟ್ಟೆ ತೆರೆದಿತ್ತು. ರೀಲರ್‌ಗಳು ಸಾಲಾಗಿ ಕಟ್ಟೆಯ ಮೇಲೆ ಕೂತಿದ್ದರು. ಹತ್ತಿರದ ಹಳ್ಳಿಗಳವರ ಒಂದಷ್ಟು ಮೂಟೆ ಬಿಟ್ಟರೆ ಅಂಗಳ ಖಾಲಿ. ಗೌರಿಬಿದನೂರಿನ ಕಡೆಯವರು, ಚಿಂತಾಮಣಿಯ ಆಚೆಯವರು ಒಬ್ಬರೂ ಬಂದಿರಲಿಲ್ಲ. ಭಾಯ್ ನನ್ನನ್ನು ನೋಡಿದರು. ಬೈಯಲಿಲ್ಲ. ಪಕ್ಕದಲ್ಲಿ ಮಡಿಸಿಟ್ಟ ಪತ್ರಿಕೆಯನ್ನು ತೆಗೆದು ತಮ್ಮ ಕೆಳಗೆ ಹಾಕಿಕೊಂಡು ಕೂತರು. ನಾನು ಡೆಸ್ಕಿನವರನ್ನು ಬೈದುಕೊಂಡೆ. ಪೂರ್ತಿ ಬರೆದಿದ್ದೆ ಭಾಯ್, ಅವರು ಕತ್ತರಿಸಿದ್ದಾರೆ ಎಂದೆ. ಹೌದಾ ಎಂದರು. ಅಷ್ಟೇ.

ಅಕ್ಕನ ನೆನಪು ನನಗೆ ಆಗಲೂ ಬರಲಿಲ್ಲ. ಅವಳ ಹುಳು ಯಾವ ಹಂತದಲ್ಲಿದೆ ಎಂದು ಕೇಳುವ ವ್ಯವಧಾನ ಆ ವಾರ ನನಗಿರಲಿಲ್ಲ. ನಾನು ಅವಳ ಮನೆಗೆ ಹೋದದ್ದು ಇನ್ನೂ ಕೆಲವು ದಿನ ಕಳೆದ ಮೇಲೆ, ಪತ್ರಿಕೆ ತೋರಿಸಲೆಂದು.

ಅಂಗಳದಲ್ಲಿ ಯಾರೂ ಇರಲಿಲ್ಲ. ಹುಳು ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಾಲಿಟ್ಟೆ. ಗೋಡೆ, ತಟ್ಟೆ, ನೆಲ, ಕಿಟಕಿಯ ಸರಳು, ಎಲ್ಲ ಕಡೆ ಬೆಳ್ಳಗಿನ ಚಿಟ್ಟೆಗಳು. ರೇಷ್ಮೆ ಚಿಟ್ಟೆಗೆ ಹಾರಲು ಬರುವುದಿಲ್ಲ. ರೆಕ್ಕೆ ಪಟಪಟಿಸುತ್ತಾ ತೆವಳುತ್ತದೆ. ಆ ಸದ್ದು ಕೋಣೆಯ ತುಂಬ ಇತ್ತು, ಸಣ್ಣ ಮಳೆ ಬೀಳುತ್ತಿರುವಂತೆ. ಮೂಲೆಯಲ್ಲಿ ಗೂಡಿನ ರಾಶಿ, ಪ್ರತಿ ಗೂಡಿಗೂ ಒಂದು ತೂತು. ಗೂಡನ್ನು ಸಮಯಕ್ಕೆ ಮಾರಿ ಬೇಯಿಸದಿದ್ದರೆ ಒಳಗಿನ ಹುಳು ಚಿಟ್ಟೆಯಾಗಿ ಹೀಗೆ ಕೊರೆದುಕೊಂಡು ಬರುತ್ತದೆ. ತೂತಾದ ಗೂಡಿನಿಂದ ನೂಲು ಬರುವುದಿಲ್ಲ, ಅದು ಕಸದ ಬೆಲೆಗೆ ಹೋಗುತ್ತದೆ. ಬಿಸಿಲಿಗೆ ಹಾಕಿ ಒಳಗಿನ ಹುಳು ಸಾಯಿಸಬಹುದಿತ್ತು, ಆದರೆ ಆ ವಾರವಿಡೀ ಮೋಡ.

ಅಕ್ಕ ಪೊರಕೆ ಹಿಡಿದು ಚಿಟ್ಟೆಗಳನ್ನು ಮೊರಕ್ಕೆ ಗುಡಿಸುತ್ತಿದ್ದಳು. ನನ್ನನ್ನು ನೋಡಿ ಪೊರಕೆ ಕೆಳಗಿಡದೆ, ಬಂದೆಯೇನಪ್ಪ ಎಂದಳು. ಗೋಡೆಯ ಗೂಡಿನಲ್ಲಿ, ಕನ್ನಡಿಯ ಹಿಂದೆ, ಅದೇ ದಿನದ ಪತ್ರಿಕೆ ಮಡಿಸಿಟ್ಟಿತ್ತು. ದಪ್ಪ ಅಕ್ಷರಗಳ ಅರ್ಧ ಭಾಗ ಹೊರಗೆ ಕಾಣುತ್ತಿತ್ತು. ಚಂದ್ರಿಕೆಯಿಂದ ಗೂಡು ಬಿಡಿಸಿ, ಮೂಟೆ ಕಟ್ಟಿ, ಬೆಳಗಿನ ಬಸ್ಸಿನ ಮೇಲೆ ಹಾಕಿಸಿ ನಿಂತಿದ್ದಾಗ ಹೋಟೆಲಿನವನು ಅದನ್ನು ತೋರಿಸಿದನಂತೆ. ನಿಮ್ಮ ತಮ್ಮನದೇ ಅಲ್ವಾ ಎಂದನಂತೆ. ಅಕ್ಕ ಓದಿ, ಮೂಟೆಗಳನ್ನು ಬಸ್ಸಿನ ಮೇಲಿಂದ ಇಳಿಸಿಕೊಂಡು ಮನೆಗೆ ಬಂದಿದ್ದಳು. ಬೇರೆ ಮಾರುಕಟ್ಟೆಗಳಿಗೆ ಎಲ್ಲರೂ ಮುಗಿಬಿದ್ದು ಬೆಲೆ ನೆಲ ಕಚ್ಚಿತ್ತು, ಮೈದುನನ ಗೂಡು ಅಲ್ಲೇ ಹೋಗಿತ್ತು. ಇವಳು ಕಾದಳು. ಶಾಂತವಾದರೆ ತಮ್ಮ ಬರೆಯುತ್ತಾನೆ ಎಂದು ಕಾದಳು. ನಾನು ಮತ್ತೊಂದು ದಿನವೂ ಅದೇ ಧಾಟಿಯಲ್ಲಿ ಬರೆದಿದ್ದೆ.

ಇದಿಷ್ಟನ್ನೂ ಅವಳು ತಪ್ಪು ಹೊರಿಸುವ ದನಿಯಲ್ಲಿ ಹೇಳಲಿಲ್ಲ. ಮಳೆ ಬಂತು, ಬಟ್ಟೆ ಒಣಗಲಿಲ್ಲ ಎನ್ನುವಂತೆ ಹೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮೈದುನ ಬಂದ. ಬಾಗಿಲಲ್ಲೇ ನಿಂತು ಚಿಟ್ಟೆಗಳನ್ನು ನೋಡಿದ, ನನ್ನನ್ನು ನೋಡಿದ. ಊರಿನ ಯಾರೋ ಶಿಡ್ಲಘಟ್ಟದಿಂದ ಬಂದವರು ಅವನಿಗೆ ವಿಷಯ ಹೇಳಿದ್ದರು.

"ಏನ್ ಬಾವ, ಪೇಪರ್‌ನಲ್ಲಿ ಕೆಂಡ ಅಂತ ಬಂದಿತ್ತಂತೆ, ಮಾರ್ಕೆಟ್ ನಡೀತಾನೇ ಇತ್ತಂತೆ?"

ಅಕ್ಕ ನನ್ನ ಕಡೆ ತಿರುಗಲೂ ಇಲ್ಲ.

"ಪೇಪರ್‌ಗೂ ಇದಕ್ಕೂ ಏನ್ ಸಂಬಂಧ? ಹಣ್ಣುಹುಳ ಯಾವತ್ತು ಬಿಟ್ಟೆ ಅಂತ ನಂಗೇ ಗ್ಯಾಪ್ಕ ಇಲ್ಲ. ಇನ್ನೂ ದಿನ ಅವೆ ಅಂದ್ಕೊಂಡೆ. ನನ್ ಲೆಕ್ಕವೇ ತಪ್ಪು."

ಹಣ್ಣುಹುಳ ನೋಡಲು ಊರೇ ಕರೆಯುತ್ತಿದ್ದ ಹೆಂಗಸು ಹೇಳಿದ ಮಾತು ಇದು. ಮೈದುನ ನಂಬಿದ. ಪಾಪ ಎಂಬಂತೆ ಲೊಚಗುಟ್ಟಿದ. ನನ್ನ ಒಂದು ಮಾತು ಸಾಕಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು ಎಂದು ಈಗ ಬರೆದರೆ ಅದೂ ಬೂದಿ ಮುಚ್ಚಿದ ಕೆಂಡದಂಥ ಸಾಲೇ ಆದೀತು. ಬಂದಿರಲಿಲ್ಲ. ಅವಳು ನನ್ನನ್ನು ಉಳಿಸಿದಳೆಂದು ಮೈ ಹಗುರಾಯಿತು, ಅಷ್ಟೇ. ಚೀಲದಲ್ಲಿದ್ದ ಪತ್ರಿಕೆಯನ್ನು ಹೊರಗೆ ತೆಗೆಯದೆ ವಾಪಸ್ ಒಯ್ದೆ.

ತೋಟ ಮೈದುನನ ಕೈಗೆ ಹೋಯಿತು. ಮಾತಿನ ಪ್ರಕಾರವೇ ಹೋಯಿತು, ಯಾರೂ ಮೋಸ ಮಾಡಲಿಲ್ಲ. ಅಕ್ಕ ಅದೇ ಹುಳು ಮನೆಯಲ್ಲಿ ಸೊಪ್ಪು ಕತ್ತರಿಸುತ್ತಾ, ಕಸ ತೆಗೆಯುತ್ತಾ ಉಳಿದಳು. ಅವಳಿಗೆ ಊಟಕ್ಕೆ, ಬಟ್ಟೆಗೆ ಕಡಿಮೆಯಾಗಲಿಲ್ಲ. ಆದರೆ ಊರಿನವರು ಹಣ್ಣುಹುಳ ನೋಡಲು ಅವಳನ್ನು ಕರೆಯುವುದು ನಿಲ್ಲಿಸಿದರು. ಗಂಡ ಹೋದ ಮೇಲೆ ಆಯಮ್ಮನಿಗೆ ಅಂದಾಜು ತಪ್ಪಿದೆ ಎಂದು ಮಾತಾಡಿಕೊಂಡರು. ಮೈದುನನ ಹೆಂಡತಿಯನ್ನು ಕರೆಯತೊಡಗಿದರು. ಆ ಹುಡುಗಿಗೆ ಅದೆಲ್ಲ ಕಲಿಸಿದವಳು ಅಕ್ಕನೇ.

ನನಗೆ ಮಾತ್ರ ಏಳಿಗೆಯಾಯಿತು. ಆ ತಲೆಬರಹ ನೋಡಿ ಇನ್ನೊಂದು ಪತ್ರಿಕೆಯವರು ಬರೆಯಲು ಹೇಳಿದರು. ಗಲಾಟೆಗಳನ್ನು ಚೆನ್ನಾಗಿ ಬರೆಯುತ್ತಾನೆ ಎಂಬ ಹೆಸರು ಬಂತು. ಅಕ್ಕನ ಹೆಸರು ಹೋದದ್ದೂ ನನ್ನ ಹೆಸರು ಬಂದದ್ದೂ ಒಂದೇ ವಾರದಲ್ಲಿ. ವರ್ಷಕ್ಕೊಮ್ಮೆ ಹೋದಾಗ, ಮೈದುನನಿಗೆ ನಿಜ ಹೇಳುತ್ತೇನೆ ಎಂದು ಅವಳ ಹತ್ತಿರ ಹೇಳುತ್ತಿದ್ದೆ. ಹೇಳುತ್ತೇನೆ ಎಂದು ಅವಳಿಗೆ ಹೇಳುವುದು, ಹೇಳುವುದಕ್ಕಿಂತ ಸುಲಭ.

"ಸುಮ್ನಿರೋ. ನಂದು ಹೋಗಿದ್ದು ಹೋಯ್ತು. ನೀನು 'ಸುಳ್ಳು ಬರೆದೆ' ಅಂದ್ರೆ ನಾಳೆ ನಿನ್ನ ಪೇಪರ್ ಯಾರು ಓದ್ತಾರೆ?" ಎನ್ನುತ್ತಿದ್ದಳು. ಅವಳು ಬೇಡ ಎಂದದ್ದರಿಂದ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಶಿಡ್ಲಘಟ್ಟದಲ್ಲಿ ಮತ್ತೊಮ್ಮೆ ಸಣ್ಣ ಗಲಾಟೆಯಾಗಿ ಮಾರುಕಟ್ಟೆ ಮುಚ್ಚಿತು. ಬೇಗನೆ ತಣ್ಣಗಾಯಿತು. ಈ ಸಲ ನಾನು ಮೊದಲ ಸಾಲಿನಲ್ಲೇ ಬರೆದೆ: ಊರು ಶಾಂತವಾಗಿದೆ, ಗೂಡಿನ ಮಾರುಕಟ್ಟೆ ತೆರೆದಿದೆ. ಅಚ್ಚಾಗಲಿಲ್ಲ. ಫೋನ್ ಮಾಡಿ ಕೇಳಿದೆ. ಶಾಂತವಾಗಿದ್ದರೆ ಸುದ್ದಿ ಏನು ಎಂದು ಅಲ್ಲಿಯ ಹೊಸ ಹುಡುಗ ಕೇಳಿದ. ಅವನಿಗೆ ಉತ್ತರ ಕೊಡಲು ನನಗೇನು ಯೋಗ್ಯತೆ ಇತ್ತು? ಫೋನಿಟ್ಟು ನೇರ ಬಸ್ಸು ಹತ್ತಿದೆ. ಚಿಕ್ಕಬಳ್ಳಾಪುರದಲ್ಲಿ ಇಳಿದು, ಗೌರಿಬಿದನೂರಿನ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಅಕ್ಕನ ಮನೆ ತಲುಪಿದೆ.

ಮೈದುನ ಜಗಲಿಯ ಮೇಲೆ ಗೂಡು ಬಿಡಿಸುತ್ತಿದ್ದ. ಅಕ್ಕ ಪಕ್ಕದಲ್ಲಿ ಕೂತು ಗೂಡಿನ ಮೇಲಿನ ಎಳೆ ಕೀಳುತ್ತಿದ್ದಳು. ನಿಂತಲ್ಲೇ ಹೇಳಿದೆ, ನಾಳೆಯೇ ಶಿಡ್ಲಘಟ್ಟಕ್ಕೆ ಮೂಟೆ ಹಾಕು, ಮಾರುಕಟ್ಟೆ ತೆರೆದಿದೆ, ನಾನು ನೋಡಿಕೊಂಡೇ ಬಂದಿದ್ದೇನೆ ಎಂದು. ಅವನು ನನ್ನನ್ನು ಅನುಮಾನದಿಂದ ನೋಡಿದ.

"ಪೇಪರ್‌ನಲ್ಲಿ ಬಂದಿಲ್ವಲ್ಲ ಬಾವ."

ಆಗ ನನಗೆ ತಡೆಯಲಾಗಲಿಲ್ಲ. ಅಕ್ಕನ ಬೆಳೆ ಹೋದ ಸಲ ಪೇಪರ್‌ನಲ್ಲಿ ಬಂದದ್ದೇ ಸುಳ್ಳು ಎಂದೆ. ಮಾರುಕಟ್ಟೆ ತೆರೆಯುತ್ತದೆಂದು ಗೊತ್ತಿದ್ದೂ ಕೆಂಡ ಎಂದು ಬರೆದವನು ನಾನು, ಅಕ್ಕನ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ, ನನ್ನನ್ನು ನಂಬಿ ಬಸ್ಸಿನ ಮೇಲಿಂದ ಮೂಟೆ ಇಳಿಸಿಕೊಂಡಳು, ನನ್ನ ಹೆಸರು ಉಳಿಸಲು ತನ್ನ ಮೇಲೆ ಹಾಕಿಕೊಂಡಳು ಎಂದೆ. ಒಂದೇ ಉಸಿರಿಗೆ ಹೇಳಿದೆ. ವರ್ಷಗಳಿಂದ ಕಟ್ಟಿಟ್ಟುಕೊಂಡ ಮಾತು ಹೇಳಿ ಮುಗಿಸಲು ಇಷ್ಟು ಕಡಿಮೆ ಹೊತ್ತು ಸಾಕೇ ಎಂದು ನನಗೇ ಆಶ್ಚರ್ಯವಾಯಿತು.

ಮೈದುನ ಅಕ್ಕನ ಕಡೆ ನೋಡಿದ. ಅವಳು ಎಳೆ ಕೀಳುವುದನ್ನು ನಿಲ್ಲಿಸಲಿಲ್ಲ.

"ಚಿಕ್ಕೋನಿದ್ದಾಗ್ಲಿಂದ ಅವನು ಹಂಗೇ," ಎಂದಳು. "ನಾನು ತಪ್ಪು ಮಾಡಿದ್ರೆ ಅಪ್ಪನ ಮುಂದೆ 'ನಾನೇ ಮಾಡಿದ್ದು' ಅನ್ನೋನು."

ಹಾಗೆ ಒಂದು ಸಲವೂ ನಡೆದಿರಲಿಲ್ಲ. ಚಿಕ್ಕಂದಿನಲ್ಲಿ ನನ್ನ ತಪ್ಪುಗಳಿಗೆ ಏಟು ತಿಂದವಳು ಅವಳೇ. ಮೈದುನನ ಮುಖ ಸಡಿಲವಾಯಿತು. ನನ್ನ ಬೆನ್ನು ತಟ್ಟಿದ.

"ಒಡಹುಟ್ಟಿದೋನಲ್ವಾ, ಅಕ್ಕನ್ನ ಬಿಟ್ಟುಕೊಡ್ತೀಯಾ? ಇರ್ಲಿ ಬಿಡು ಬಾವ, ಆಗಿದ್ದಾಯ್ತು. ಅತ್ತಿಗೇನ ನಾವ್ಯಾರೂ ಏನೂ ಅಂದಿಲ್ಲ."

ಅಲ್ಲ, ನಿಜವಾಗಿಯೂ, ಎಂದು ಮತ್ತೆ ಶುರು ಮಾಡಿದೆ. ನನ್ನ ದನಿ ನನಗೇ ನಾಟಕದ ದನಿಯಂತೆ ಕೇಳಿಸಿತು. ಅವನು ನಗುತ್ತಾ ಎದ್ದು ಬಾವಿಯ ಕಡೆ ಹೋದ. ಹೋಗುವಾಗ, ಎರಡು ದಿನ ನೋಡಿ ಪೇಪರ್‌ನಲ್ಲಿ ಬಂದ ಮೇಲೆ ಹಾಕ್ತೀನಿ ಎಂದ. ಇಲ್ಲದಿದ್ದರೆ ಬೇರೆ ಕಡೆ ಇದ್ದೇ ಇದೆ ಎಂದ. ಸುಳ್ಳನ್ನು ಅಚ್ಚು ಹಾಕಿಸಿದಾಗ ಇಡೀ ತಾಲ್ಲೂಕು ನಂಬಿತ್ತು. ನಿಜವನ್ನು ಎದುರಿಗೆ ನಿಂತು ಹೇಳಿದರೆ ಒಬ್ಬನೂ ನಂಬಲಿಲ್ಲ, ನಂಬದಂತೆ ನೋಡಿಕೊಂಡವಳು ಅಕ್ಕ.

ಯಾಕೆ ಹಾಗೆ ಹೇಳಿದೆ ಎಂದು ಅವಳನ್ನು ಕೇಳಿದೆ. ನನಗೆ ಸಿಟ್ಟೇ ಬಂದಿತ್ತು. ಅವಳು ಮಡಿಲಿನ ಎಳೆಗಳನ್ನು ಕೊಡವಿ ಎದ್ದಳು. ಅವಳ ಕೂದಲು ಪೂರ್ತಿ ಬೆಳ್ಳಗಾಗಿರುವುದನ್ನು ಅಂದು ನೋಡಿದೆ.

"ಹೇಳ್ಬೇಕು ಅಂತಿದ್ದೆ, ಹೇಳ್ದೆ. ನಿನ್ನ ಮನಸ್ಸು ಹಗುರಾಯ್ತಾ? ಇಷ್ಟು ವರ್ಷ ಆದ್ಮೇಲೆ ನಂಗ್ಯಾಕೆ ಬೇಕು ಅದು? ಒಳಗೆ ಬಾ, ಉಣ್ಣು."

ಪಕ್ಕದ ಮನೆಯಿಂದ ಯಾರೋ ಮೈದುನನ ಹೆಂಡತಿಯನ್ನು ಕೂಗಿ ಕರೆದರು. ಹುಳು ಹಣ್ಣಾದಂತಿದೆ, ಬಂದು ನೋಡು ಎಂದು. ಅವಳು ಒದ್ದೆ ಕೈ ಒರೆಸಿಕೊಂಡು ನಮ್ಮ ಮುಂದೆಯೇ ಹಾದು ಹೋದಳು. ಅಕ್ಕ ಒಂದು ಗಳಿಗೆ ಆ ಕಡೆ ನೋಡಿದಳು, ಆಮೇಲೆ ತಟ್ಟೆ ಹಾಕಿ ಮುದ್ದೆ, ಸಾರು ಬಡಿಸಿದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನನಗೆ ಹಸಿವಾಗಿತ್ತು. ಉಂಡೆ.